ಬಾಣಂತಿಯರ ಕೊಪ್ಪರಿಗೆ

ಶಾಂತಿಗ್ರಾಮದ ಹೆರಿಗೆ ಮನೆಗೆ ಚನ್ನರಾಯಪಟ್ಟಣದ ಬ್ರಹ್ಮಪ್ಪನವರು ಮೂರು ವರ್ಷ ದುಡ್ಡು ಕೊಟ್ಟರು. ಯುದ್ಧ ಬಂದು ಅವರ ವ್ಯಾಪಾರ ಕುಸಿದಾಗ, ತಮ್ಮ ಮನೆಯ ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ಗಾಡಿಯಲ್ಲಿ ಕಳಿಸಿದರು. ಇನ್ನು ಕೈಲಾಗುವುದು ಇಷ್ಟೇ, ಮದುವೆ ಮನೆಗಳಿಗೆ ಕೊಟ್ಟು ಏನಾದರೂ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಇನ್ನೂರು ಜನಕ್ಕೆ ಅನ್ನ ಬೇಯುವ ಪಾತ್ರೆ. ಸುತ್ತ ಹತ್ತು ಹಳ್ಳಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಹೆರಿಗೆ ಮನೆಯ ಉಸ್ತುವಾರಿ ನನ್ನದು. ನಾನು ದಿನಸಿ ಅಂಗಡಿಯವನು, ನನಗೆ ತಿಳಿದದ್ದು ಒಂದೇ ದಾರಿ. ಕೊಪ್ಪರಿಗೆಗೆ ಮದುವೆಯೊಂದಕ್ಕೆ ಬಾಡಿಗೆ ಒಂದು ರೂಪಾಯಿ ಎಂದು ಗೊತ್ತುಮಾಡಿದೆ.

ಬಾಡಿಗೆ ತಪ್ಪದೆ ಬಂತು, ಸಾಲಲಿಲ್ಲ. ನಲವತ್ತಮೂರನೇ ಇಸವಿಯ ಹೊತ್ತಿಗೆ ಅಕ್ಕಿ ಸಿಗುವುದೇ ಕಷ್ಟವಾಯಿತು. ಹೆತ್ತ ಹೆಂಗಸಿಗೆ ಹತ್ತು ದಿನ ಬಿಸಿ ಅನ್ನ, ಮೆಣಸಿನ ಸಾರು ಕೊಡುವುದು ಆ ಮನೆಯ ನೇಮ. ಆ ಅನ್ನ ಇದೆಯೆಂದೇ ಬಡವರು ಬರುತ್ತಿದ್ದರು, ಬಂದದ್ದರಿಂದ ಬದುಕುತ್ತಿದ್ದರು. ಹಾಸನದಲ್ಲಿ ಹೆರಿಗೆ ಕೆಲಸ ಕಲಿತು ಬಂದಿದ್ದ ಪದ್ಮಾವತಮ್ಮ ನನಗೆ ನೇರವಾಗಿ ಹೇಳಿಬಿಟ್ಟರು: ಯುಗಾದಿಯೊಳಗೆ ಅಕ್ಕಿಗೆ ದಾರಿಯಾಗದಿದ್ದರೆ ಬಾಗಿಲು ಹಾಕಿ ಹಾಸನಕ್ಕೆ ಹೋಗುತ್ತೇನೆ, ಹಸಿದ ಬಾಣಂತಿಯನ್ನು ನೋಡಿಕೊಂಡು ಇರಲಾರೆ. ಬಾಡಿಗೆಯನ್ನು ಎರಡು ರೂಪಾಯಿ ಮಾಡೋಣ ಎಂದೆ.

ಅಡುಗೆಯ ಗುರುಸಿದ್ದಮ್ಮ ಅವರೆಕಾಳು ಹಿಚುಕುತ್ತ ಕೂತಿದ್ದಳು. ಆ ಕಾಳು ನಮ್ಮೂರಿನ ಸಣ್ಣಯ್ಯನ ಹೆಂಡತಿ ಕೊಟ್ಟದ್ದಂತೆ. ಇವಳ ಚೊಂಬು ಇಸಿದುಕೊಂಡು ಹೋಗಿದ್ದಳು, ವಾಪಸು ತರುವಾಗ ಅದರ ತುಂಬ ಕಾಳು ತಂದಳು. ಅದೇ ಸಣ್ಣಯ್ಯ ಮಗನ ಮದುವೆ ಮುಗಿಸಿ ಕೊಪ್ಪರಿಗೆಯನ್ನು ಹುಣಸೆಹಣ್ಣಿನಲ್ಲಿ ಫಳಫಳ ಬೆಳಗಿ ತಂದಿಟ್ಟಿದ್ದ. ಒಳಗೆ ಒಂದು ಕಾಳೂ ಇರಲಿಲ್ಲ.

"ನನ್ ಚೊಂಬು ತುಂಬ್ಕಂಡು ಬಂತು, ನಿನ್ ಕೊಪ್ರಿಗೆ ಬರಿದು ಬಂತು. ಯಾಕೇಳು?" ಎಂದಳು.

ಸಣ್ಣಯ್ಯ ಬಾಡಿಗೆ ಕೊಟ್ಟಿದ್ದಾನಲ್ಲ ಎಂದೆ.

"ಬಾಡ್ಗೆ ಕೊಟ್ಟೋನ್ಗೆ ಅಲ್ಗೇ ಮುಗೀತು ಕಣಪ್ಪ. ಸುಮ್ಕೆ ಇಸ್ಕಂಡೋನ್ಗೆ ಬರೀ ಪಾತ್ರೆ ತಂದ್ ಮಡಗಾಕೆ ಕೈ ಬರಾಕಿಲ್ಲ. ಬಂದೂ ಬಂದೂ ಇಲ್ಗೂ ನಿನ್ ತಕ್ಕಡಿ ತಂದ್ಬುಟ್ಯಲ್ಲ."

ನನ್ನ ಅವ್ವನೂ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಕೊಟ್ಟವಳಲ್ಲ. ಏನೂ ಇಲ್ಲದ ದಿನ ಒಂದು ಚೂರು ಬೆಲ್ಲ ಹಾಕಿ ಕಳಿಸುತ್ತಿದ್ದಳು. ಅದು ಗೊತ್ತಿದ್ದೂ ನಾನೇ ಬಾಡಿಗೆ ಹಾಕಿ ಊರಿನ ಕೈ ಕಟ್ಟಿದ್ದೆ. ಆದರೂ ಬರುವ ರೂಪಾಯಿಯನ್ನು ಬಿಡಲು ಮನಸ್ಸು ಬರಲಿಲ್ಲ. ಪದ್ಮಾವತಮ್ಮ ಒಂದು ಸಲ ಬಾಡಿಗೆ ಬಿಟ್ಟು ನೋಡಿ ಎಂದರು. ಬಿಟ್ಟೆ.

ಆಮೇಲೆ ಮೊದಲು ಬಂದವನು ಪಾಪಯ್ಯ. ಗುತ್ತಿಗೆ ಹೊಲ, ದಿನವೂ ರಾಗಿ ಉಣ್ಣುವ ಮನೆ. ಮಗಳ ಮದುವೆಗೆಂದು ಹೇಗೋ ಅಕ್ಕಿ ಹೊಂದಿಸಿದ್ದ. ಬಾಡಿಗೆ ಇಲ್ಲ ಎಂದದ್ದಕ್ಕೆ ನನ್ನ ಮುಖವನ್ನೇ ನೋಡಿ, "ಪಾತ್ರೆ ತೂತಾಗೈತಾ ಸಾವ್ಕಾರ್ರೆ?" ಎಂದ. ಯುಗಾದಿಗೆ ಮುಂಚೆ ಅದೇ ಕೊನೆಯ ಮದುವೆ. ಇವನಿಂದ ಏನು ಬಂದೀತು ಎಂದುಕೊಂಡು ನಾನು ಆಸೆ ಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಕೊಪ್ಪರಿಗೆ ಬಂತು. ಹೋಗುವಾಗ ಅದರ ಹಿಡಿಕೆಯ ಬಳೆಗಳಿಗೆ ಬೊಂಬು ತೂರಿಸಿ ಇಬ್ಬರು ಹೊತ್ತಿದ್ದರು. ಬರುವಾಗ ನಾಲ್ವರು ಏದುಸಿರು ಬಿಡುತ್ತಿದ್ದರು. ಮುಚ್ಚಿದ್ದ ಬಾಳೆಲೆ ಸರಿಸಿ ಕೈ ಹಾಕಿದೆ. ಮೊಣಕೈವರೆಗೂ ಅಕ್ಕಿ.

"ದಂಡಿಗನಳ್ಳಿ ಬೀಗ್ರು ಯಾರ್ ಪಾತ್ರೆ ಅಂದ್ರು. ಬಾಣಂತೀರ್ದು ಅಂದೆ," ಪಾಪಯ್ಯ ಬೆವರು ಒರೆಸಿಕೊಂಡ. "ನಾವ್ ತಂದ್ ಸುರುದ್ವಿ, ಅವ್ರೂ ಸುರುದ್ರು, ಮದ್ವೆಗ್ ಬಂದ ಮನೆಯೋರೆಲ್ಲ ಹಿಡಿಹಿಡಿ ಸುರುದ್ರು. ಬರೀ ಪಾತ್ರೆ ತರಾದೆಂಗೆ ಸಾ?"

ಕೆಂಪಕ್ಕಿ, ಸಣ್ಣಕ್ಕಿ, ನುಚ್ಚು ಬೆರೆತ ದಪ್ಪಕ್ಕಿ, ಎಲ್ಲ ಒಂದಾಗಿ ಬೆರೆತಿದ್ದವು. ಯಾವ ಹಿಡಿ ಯಾವ ಮನೆಯದೆಂದು ಹೇಳುವಂತಿರಲಿಲ್ಲ. ಮೂವತ್ತು ವರ್ಷ ಅಕ್ಕಿ ಮಾರಿದವನು ನಾನು. ಅಂಥ ಅಕ್ಕಿಯನ್ನು ಅದುವರೆಗೆ ಮುಟ್ಟಿರಲಿಲ್ಲ. ತೂಗಬೇಕೆಂದು ಹೊಳೆಯಲೇ ಇಲ್ಲ. ಕೈ ಹೊರಗೆ ತೆಗೆಯಲೂ ತೋಚದೆ ಹಾಗೇ ನಿಂತಿದ್ದೆ.

ಪದ್ಮಾವತಮ್ಮ ಅಕ್ಕಿಯನ್ನೆಲ್ಲ ಮಣ್ಣಿನ ಗುಡಾಣಕ್ಕೆ ತುಂಬಿಸಿದರು. ಕೊಪ್ಪರಿಗೆಯ ತಳದಲ್ಲಿ ಒಂದು ಹಿಡಿ ಉಳಿದಿದೆ ಎಂದೆ.

"ಇರ್ಲಿ ರುದ್ರಯ್ಯನೋರೆ," ಎಂದರು ಅವರು. "ಮುಂದಿನ ಮದ್ವೆ ಮನೆಗೆ ನಾವು ಮಾತ್ರ ಬರಿದು ಕಳಿಸ್ಬೋದಾ?"