ಚೀನಾ ಬೋರಯ್ಯನ ಜುಟ್ಟು

ಹೆಮ್ಮಿಗೆಯಲ್ಲಿ ಚೀನಾ ದೇಶದ ವಿಚಾರ ಬಂದರೆ ಬೋರಯ್ಯ ಹೇಳಿದ್ದೇ ಮಾತು. ಎಂಟು ದೇಶಗಳ ದಂಡು ಪೀಕಿಂಗಿನ ಮೇಲೆ ಬಿದ್ದಾಗ ಇಂಗ್ಲಿಷರ ಹೇಸರಗತ್ತೆ ಹೊಡೆದುಕೊಂಡು ಹೋಗಿ, ಜೀವಸಹಿತ ತಿರುಗಿ ಬಂದವನು ಅವನು. ಅಂದಿನಿಂದ ಅವನ ಹೆಸರೇ ಚೀನಾ ಬೋರಯ್ಯ. ಅಲ್ಲಿನ ಗಂಡಸರು ಜಡೆ ಬಿಡುತ್ತಾರೆ, ಅಫೀಮು ಸೇದಿ ಮಲಗುತ್ತಾರೆ, ಭೂಮಿ ಬಿರಿದರೂ ಏಳುವ ಜನವಲ್ಲ ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಬಿಳಿ ಸೋಲ್ಜರುಗಳು ಸೆರೆಯಾಳುಗಳನ್ನು ಜಡೆಗೆ ಜಡೆ ಗಂಟುಹಾಕಿ ನಡೆಸಿದ್ದನ್ನು ತಾನೇ ನಡೆದು ತೋರಿಸಿದನೆಂದರೆ ಅರಳೀಕಟ್ಟೆಗೆ ಅರಳೀಕಟ್ಟೆಯೇ ನಗುತ್ತಿತ್ತು. ಪಟೇಲ ಪುಟ್ಟಬಸವಯ್ಯನವರಂತೂ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಸಲ ನಡಿ ಅನ್ನುತ್ತಿದ್ದರು.

ಅಂಥವನ ಬುಡಕ್ಕೆ ಕೊಡಲಿ ಇಟ್ಟದ್ದು ಶಾಲೆಯ ಮೇಷ್ಟ್ರು ಚಂದ್ರಶೇಖರಯ್ಯನವರು ಮೈಸೂರಿನಿಂದ ತಂದ ಪತ್ರಿಕೆ. ಚೀನದ ಜನ ಎದ್ದಿದ್ದಾರೆ, ದೊರೆಯನ್ನು ಸಿಂಹಾಸನದಿಂದ ಇಳಿಸಿದ್ದಾರೆ, ದೇಶ ನಮ್ಮದೆಂದು ಹೊಸ ಬಾವುಟ ಏರಿಸಿ ಬೀದಿಬೀದಿಯಲ್ಲಿ ಜಡೆ ಕತ್ತರಿಸಿಕೊಳ್ಳುತ್ತಿದ್ದಾರೆ ಎಂದು ಮೇಷ್ಟ್ರು ಕಟ್ಟೆಯ ಮೇಲೆ ಕುಳಿತು ಓದಿದರು. ಆ ಜಡೆ ಅವರ ಶೋಕಿಯೂ ಅಲ್ಲವಂತೆ. ಹಿಂದೆ ಹೊರಗಿನಿಂದ ಬಂದು ಗೆದ್ದ ದೊರೆಗಳು, ಜಡೆ ಬಿಡದಿದ್ದರೆ ತಲೆ ತೆಗೆಯುತ್ತೇವೆಂದು ಹೆದರಿಸಿ ಹೇರಿದ್ದಂತೆ.

ಎಲ್ಲರೂ ಬೋರಯ್ಯನ ಮುಖ ನೋಡಿದರು. ಅವನಿಗೆ ಮೊದಲು ಅವಮಾನವಾಯಿತು. ಆಮೇಲೆ ಜಡೆ ಕಟ್ಟಿಸಿಕೊಂಡು ತಲೆ ತಗ್ಗಿಸಿ ನಡೆದವರ ಮುಖಗಳು ನೆನಪಾದವು. ಇನ್ನು ಅವರು ಯಾರ ಕೈಗೂ ಸಿಗುವುದಿಲ್ಲ ಅನ್ನಿಸಿದ್ದೇ ತಡ, ಎಲ್ಲಿತ್ತೋ ಏನೋ, ಸಂತೋಷ ಉಕ್ಕಿಕೊಂಡು ಬಂತು. ಯಾರಿಗೂ ಹೇಳದೆ ಎದ್ದು ಹೊಳೆಯ ಕಡೆ ಹೊರಟ. ಪಾಪ, ನಾಚಿಕೆಯಾಗಿ ಹೋದ ಎಂದು ಕಟ್ಟೆಯವರು ಮಾತಾಡಿಕೊಂಡರು.

ಹೊಳೆದಂಡೆಯಲ್ಲಿ ಕ್ಷೌರದ ಚಿಕ್ಕಮಾದುವಿನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ಜುಟ್ಟು ತೆಗಿ ಅಂದ. ಚಿಕ್ಕಮಾದು ಮಸೆಯುತ್ತಿದ್ದ ಕತ್ತಿ ಕೆಳಗಿಟ್ಟ. ಆ ಸೀಮೆಯ ಗಂಡಸು ಹೊಳೆದಂಡೆಯಲ್ಲಿ ಜುಟ್ಟು, ಮೀಸೆ ತೆಗೆಸುವುದು ಹೆತ್ತವರು ಹೋದಾಗ. ಬೋರಯ್ಯನ ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಉಳಿದವಳು ತಾಯಿ ದೇವೀರಮ್ಮ, ಹೊಳೆಯಾಚೆ ಮುಡುಕುತೊರೆಯಲ್ಲಿ ಹಿರಿಮಗನ ಮನೆಯಲ್ಲಿದ್ದಳು, ಮೊನ್ನೆ ಮೊನ್ನೆ ಜ್ವರದಲ್ಲಿ ಮಲಗಿದ್ದಳು. ಇಂಥ ಹೊತ್ತಿನಲ್ಲಿ ಏನು, ಎತ್ತ ಎಂದು ಕೇಳುವುದು ಕ್ಷೌರದವನ ಮರ್ಯಾದೆಯಲ್ಲ. ಅವನು ಮತ್ತೆ ಕತ್ತಿ ಹಿಡಿದ. ಬೋರಯ್ಯ ಕಣ್ಣು ಮುಚ್ಚಿಕೊಂಡು ಚೀನದ ಬೀದಿಯಲ್ಲಿದ್ದ. ಮೂಗಿನ ಕೆಳಗೆ ತಣ್ಣಗಾಗಿ ಕಣ್ಣು ಬಿಡುವಷ್ಟರಲ್ಲಿ ಅರ್ಧ ಮೀಸೆ ಹೋಗಿತ್ತು. ಉಳಿದರ್ಧ ಇಟ್ಟುಕೊಂಡು ಮಾಡುವುದೇನು, ಅದನ್ನೂ ತೆಗೆಸಿದ.

ಮೀಸೆಯಿಲ್ಲದ ಮುಖವನ್ನು ನೀರಿನಲ್ಲಿ ನೋಡಿಕೊಂಡು ನಾಚಿ, ಬಿಸಿಲಿಳಿದ ಮೇಲೆ ಊರಿಗೆ ಹೋದರಾಯಿತೆಂದು ಹೊಂಗೆಮರದ ಕೆಳಗೆ ಒರಗಿದವನಿಗೆ ಜೊಂಪು ಹತ್ತಿತು. ಅಷ್ಟರಲ್ಲಿ ಚಿಕ್ಕಮಾದು ಊರು ಸೇರಿ ಹೇಳಬೇಕಾದವರಿಗೆಲ್ಲ ಹೇಳಿಯಾಗಿತ್ತು. ಬೋರಯ್ಯ ಎದ್ದು ಬಂದರೆ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಮಲ್ಲಾಜಮ್ಮ ಒಬ್ಬಳೇ ಜಗಲಿಯ ಮೇಲೆ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದಳು.

"ಇನ್ನೂ ಇಲ್ಲೇ ಇದ್ದೀಯಲ್ಲಪ್ಪ. ನಿಮ್ಮವ್ವುನ್ ಮಣ್ಣಿಗೆ ಅಂತ ಊರೇ ಓಯ್ತು. ನಿನ್ನೆಡ್ತಿ ಮಂಚವ್ವನೂ ಓದ್ಲು, ಪಟೇಲ್ರೂ ಓದ್ರು."

ಬೋಳುತಲೆ ಸವರಿಕೊಂಡಾಗ ಬೋರಯ್ಯನಿಗೆ ಎಲ್ಲ ಹೊಳೆಯಿತು. ಜ್ವರ ಬಿಟ್ಟು ಈಗಷ್ಟೇ ಎದ್ದ ಅವ್ವನ ಬಾಗಿಲಿಗೆ ಇಷ್ಟು ಜನ ಹೋಗಿ ಅವಳ ಹೆಸರು ಹಿಡಿದು ಗೋಳಾಡಿದರೆ ಇರುವ ಜೀವವೂ ಹಾರಿಹೋಗುತ್ತದೆ. ಆ ಗೋಳು ಬಾಗಿಲು ಮುಟ್ಟುವ ಮುಂಚೆ ತಾನು ಮುಟ್ಟಬೇಕು. ಪಂಚೆ ಎತ್ತಿ ಕಟ್ಟಿ ಓಡಿದ.

ಹರಿಗೋಲಿನವನು ಅವನ ತಲೆ ನೋಡಿ ಲೊಚಗುಟ್ಟಿದ.

"ನಮ್ಮವ್ವ ಚೆನ್ನಾಗವ್ಳೆ ಕಣೋ, ಬೇಗ ಉಟ್ಟಾಕು," ಅಂದ ಬೋರಯ್ಯ.

"ಊ ಕಣಣ್ಣ, ಎಲ್ಲಿದ್ರೂ ಚೆನ್ನಾಗಿರ್ಲಿ. ಪುಣ್ಯಾತ್ಗಿತ್ತಿ," ಎಂದು ಹರಿಗೋಲಿನವನು ಕಣ್ಣು ಒದ್ದೆ ಮಾಡಿಕೊಂಡ. ಆಚೆ ದಡದಲ್ಲಿ ಸಿಕ್ಕವರೂ ಹಾಗೆಯೇ. ಸತ್ತಿಲ್ಲ ಎಂದು ಅವನು ಅರಚಿದಷ್ಟೂ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಜನ ಮರುಗಿದರು. ಸಾಲದ್ದಕ್ಕೆ ಇಬ್ಬರು ಅವನ ರಟ್ಟೆ ಹಿಡಿದು ನೀರು ಕುಡಿಸಿಯೇ ಬಿಟ್ಟರು.

ಅಣ್ಣನ ಮನೆ ಮುಟ್ಟುವಾಗ ಗೋಳು ಮುಗಿಲು ಮುಟ್ಟಿತ್ತು. ಕೆಟ್ಟೆ ಅಂದುಕೊಂಡು ಜನರನ್ನು ತಳ್ಳಿ ನುಗ್ಗಿದ. ಜಗಲಿಯ ಮೇಲೆ ದೇವೀರಮ್ಮ, ಸೊಸೆ ಮಂಚಮ್ಮನ ಕೊರಳು ತಬ್ಬಿಕೊಂಡು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ಸತ್ತವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಜನ ಅಳುತ್ತ ಬಂದಿರುವಾಗ ಸುಮ್ಮನೆ ನಿಲ್ಲುವುದು ಚೆನ್ನಲ್ಲವೆಂದು ಮೊರ ಕೆಳಗಿಟ್ಟು ಸೇರಿಕೊಂಡಿದ್ದಳು. ಮಂಚಮ್ಮನೋ ಮುಖಕ್ಕೆ ಸೆರಗು ಮುಚ್ಚಿಕೊಂಡು, ತಾನು ತಬ್ಬಿರುವುದು ಓರಗಿತ್ತಿಯನ್ನೆಂದುಕೊಂಡು, ನಮ್ಮತ್ತೆಯಂಥ ಅತ್ತೆ ಇನ್ನೆಲ್ಲಿ ಸಿಗುತ್ತಾಳೆ ಎಂದು ಹಾಡಿ ಹಾಡಿ ಅಳುತ್ತಿದ್ದಳು. ಮುಂದೆ ನಿಂತ ನಾಲ್ಕಾರು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಬೋರಯ್ಯ ಹೋಗಿ ತಾಯಿಯ ಕಾಲು ಹಿಡಿದುಕೊಂಡ. ನಗು, ಅಳು ಒಟ್ಟೊಟ್ಟಿಗೆ ಬಂದವು. ದೇವೀರಮ್ಮ ಅವನ ತಲೆ ನೋಡಿ ಗಾಬರಿಯಾದಳು.

"ಯಾರ್ಲಾ ಮಗ ಓದೋರು?"

"ಯಾರೂ ಇಲ್ಲ ಕಣವ್ವ. ಚೀನದ್ ರಾಜ ಓದ."

"ಸತ್ತೋದ್ನಾ, ಪಾಪ?"

"ಸತ್ತಿಲ್ಲ. ಜನಾನೇ ಸೇರ್ಕಂಡು ಇಳಿಸ್ಬುಟ್ರು. ಜಡೆ ಕಟ್ಟಿ ನಡುಸುದ್ರು ಅಂತ ನಿಮ್ಮುನ್ನೆಲ್ಲ ನಗಿಸ್ತಿದ್ನಲ್ಲ, ಅದೇ ಜನ. ಜಡೆನೂ ಕತ್ರಿಸಾಕುದ್ರು. ನಂಗೆ ಖುಷಿ ತಡಿಯಕ್ಕಾಗ್ಲಿಲ್ಲ ಕಣವ್ವ."

ಗೋಳು ತಾನಾಗಿ ನಿಂತಿತು. ಅಲ್ಲೊಬ್ಬರು ಇಲ್ಲೊಬ್ಬರು ಕಿಸಕ್ಕೆಂದರು. ಮಂಚಮ್ಮ ಸೆರಗು ಸರಿಸಿ ಅತ್ತೆಯ ಮುಖ ನೋಡಿ ಕೂಗಿಕೊಂಡಳು. ದೇವೀರಮ್ಮನ ಗಮನ ಅತ್ತ ಇರಲಿಲ್ಲ. ಮಗನ ಬೋಳುತಲೆಯ ಮೇಲೆ ಕೈ ಆಡಿಸುತ್ತ, ಏನೋ ಲೆಕ್ಕ ಹಾಕಿ, ಎಲ್ಲರಿಗೂ ಕೇಳುವಂತೆ ಅಂದಳು:

"ಅಂಗಾರೆ ಜನ ಮನ್ಸ್ ಮಾಡುದ್ರೆ ರಾಜುನ್ನೂ ಇಳುಸ್ಬೌದು ಅನ್ನು."

ನಗು ಅಲ್ಲಿಗೇ ನಿಂತಿತು. ಅಷ್ಟೂ ಕಣ್ಣುಗಳು ಪಟೇಲರ ಕಡೆ ತಿರುಗಿದವು. ಸರ್ಕಾರದ ಕಂದಾಯ ಎತ್ತುವ ಪುಟ್ಟಬಸವಯ್ಯನವರು ರುಮಾಲು ಬಿಚ್ಚಿ ಬೆವರು ಒರೆಸಿಕೊಂಡರು. ಆ ಕಡೆ ಈ ಕಡೆ ನೋಡಿದರು.

"ಯಾಕವ್ವ ಮಂಚವ್ವ ನಿಲ್ಲಿಸ್ಬುಟ್ಟೆ? ಅಳು. ಎಲ್ರೂ ಅಳ್ರವ್ವ," ಅಂದರು.

ಅಳು ಮಾತ್ರ ಯಾರಿಗೂ ಬರಲಿಲ್ಲ.