ಹೊನ್ನಾಳಿಯ ಮೈಕಿನಲ್ಲಿ ನಾನು ತೋಡಿದ ಬಾವಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ರೇಣುಕಪ್ರಸಾದ್ ಎಂಬ ನನ್ನ ಹೆಸರು ಕೇಳದ ನಾಯಿಯೂ ಇಲ್ಲ. ಸಂತೇಬೆನ್ನೂರಿನ ಸಂತೆಯಲ್ಲಿ ನಾನು ಮಾತಿಗೆ ನಿಂತರೆ ಮೆಣಸಿನಕಾಯಿ ಮಾರುವವರು ತಕ್ಕಡಿ ಕೆಳಗಿಡುತ್ತಾರೆ. ಜಗಳೂರಿನಲ್ಲಿ ನನ್ನ ಭಾಷಣ ಮುಗಿಯುವವರೆಗೆ ಒಂದಿಡೀ ಬಸ್ಸು ನಿಂತಿತ್ತು. ಟೈರು ಪಂಕ್ಚರ್ ಆಗಿತ್ತು ಎಂದು ಕಂಡಕ್ಟರು ಹೇಳುತ್ತಾನೆ, ಅವನ ಮಾತು ಬಿಡಿ.

ಇಂಥ ನಾನು ಈಗ ಮಂಗಳವಾರ ಬಂತೆಂದರೆ ನನ್ನದೇ ಕಚೇರಿಯ ಹೊರಗಿರುತ್ತೇನೆ. ಯಾಕೆಂದು ಹೇಳಲು ನಾಚಿಕೆ. ಆದರೂ ಹೇಳುತ್ತೇನೆ.

ನಮ್ಮದು ಮಾನಸಿಕ ಆರೋಗ್ಯದ ಒಂದು ಸಣ್ಣ ಸಂಸ್ಥೆ. (ಕೇಳಿದವರಿಗೆ ನಾನು ರಾಜ್ಯಕ್ಕೇ ದೊಡ್ಡದು ಎನ್ನುತ್ತಿದ್ದೆ.) ಡಾಕ್ಟರು ತಿಂಗಳಿಗೆರಡು ಸಲ ಬಂದು ನೋಡುತ್ತಾರೆ, ಮಾತ್ರೆ ಬರೆಯುತ್ತಾರೆ. ಆದರೆ ಹದಿನೆಂಟು ಇಪ್ಪತ್ತರ ಮಕ್ಕಳು ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ಅದಕ್ಕಾಗಿ, ಅಂಥದೇ ಕಷ್ಟವನ್ನು ತಾವು ದಾಟಿ ಬಂದ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ. 'ಯುವ ಒಡನಾಡಿ' ಎಂದು ಅವರ ಹೆಸರು. ಅವರನ್ನು ಆರಿಸುವುದು, ಆಮೇಲೆ ಅವರ ಬೆನ್ನಿಗೆ ನಿಲ್ಲುವುದು, ಇವೆರಡು ನನ್ನ ಕೆಲಸ. ಇದಕ್ಕೆ ಒಂದೇ ಒಂದು ಕಟ್ಟಳೆ: ಒಡನಾಡಿಯ ಕತೆ ಒಡನಾಡಿಯದ್ದು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು. ಈ ಕಟ್ಟಳೆಯನ್ನು ದೊಡ್ಡಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದವನು ನಾನೇ.

ನಾನು ಆರಿಸಿದ ಮೊದಲನೆಯವಳು ತ್ಯಾವಣಿಗೆಯ ಹೇಮಾವತಿ, ಇಪ್ಪತ್ತೆರಡು ವರ್ಷ. ಸಂದರ್ಶನದಲ್ಲಿ ನಾವು ಏನು ಕಾಯಿಲೆ ಎಂದು ಕೇಳುವುದಿಲ್ಲ, ಯಾವುದು ನಿಮ್ಮ ಸಹಾಯಕ್ಕೆ ಬಂತು ಎಂದು ಕೇಳುತ್ತೇವೆ. ಅವಳು ಎರಡು ನಿಮಿಷ ಮಾತಾಡಿದಳು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಕೇಳಿ ನನ್ನ ಪಕ್ಕದಲ್ಲಿದ್ದ ನಮ್ಮ ಸಂಸ್ಥೆಯ ಮುಖ್ಯಸ್ಥೆ ಪ್ರಮೀಳಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಾನೋ, ಇಷ್ಟೇನಾ ಅಂದುಕೊಂಡೆ. ಭಾಷಣಕ್ಕೆ ಸಾಲುವ ಸರಕಾಗಿರಲಿಲ್ಲ ಅದು.

ಹೇಮಾವತಿಗೆ ನ್ಯಾಮತಿ ಕಚೇರಿ ಕೊಟ್ಟೆವು. ಅಲ್ಲಿಗೆ ಮಂಗಳವಾರ ಮಂಗಳವಾರ ಮಾಲತೇಶ್ ಎಂಬ ಹತ್ತೊಂಬತ್ತರ ಹುಡುಗ ಬರುತ್ತಿದ್ದ. ಮೂರು ವಾರ ಗೋಡೆ ನೋಡುತ್ತಾ ಕೂತು ಎದ್ದು ಹೋದ. ನಾಲ್ಕನೇ ವಾರ ಬಾಯಿ ಬಿಟ್ಟ. ಆರನೇ ವಾರಕ್ಕೆ ಡಾಕ್ಟರನ್ನು ನೋಡಲು ಒಪ್ಪಿದ. ಮನೆಯವರಿಂದ ಆಗದ್ದು ಈ ಹುಡುಗಿಯಿಂದ ಆಗಿತ್ತು. ಊರಲ್ಲೆಲ್ಲ ಅದನ್ನು ನಾನು ಮಾಡಿದ್ದೆಂದು ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಕಾರ್ಯಕ್ರಮ. ಮುನ್ನೂರು ಮಕ್ಕಳಿದ್ದರು, ಮೂರು ಸಾವಿರ ಎನ್ನಲು ನನಗೇನೂ ಕಷ್ಟವಿಲ್ಲ. ಮೈಕು ಕೈಗೆ ಬಂತು. ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ. ನನ್ನ ಮುಂದೆ ಆಕಳಿಸುವುದೆಂದರೆ! "ನಮ್ಮ ತ್ಯಾವಣಿಗೆಯ ಹೇಮಾವತಿ" ಎಂದು ಶುರುಮಾಡಿದೆ. ಮೂರು ವರ್ಷ ಕತ್ತಲ ಕೋಣೆ ಎಂದೆ. ಅಪ್ಪ ಸರಪಳಿ ಹಾಕಿ ಕಂಬಕ್ಕೆ ಕಟ್ಟಿದ್ದ ಎಂದೆ. ಸರಪಳಿ ಬಿಡಿಸಿಕೊಂಡು ಬಾವಿಗೆ ಹಾರಿದಳು, ಎತ್ತಿದವರು ನಮ್ಮ ಸಂಸ್ಥೆಯವರು ಎಂದೆ. ಆಕಳಿಸಿದವನ ಬಾಯಿ ತೆರೆದೇ ಇತ್ತು. ಚಪ್ಪಾಳೆ ಬಿತ್ತು. ಎಷ್ಟೋ ಫೋನುಗಳು ಮೇಲೆದ್ದಿದ್ದವು, ಅವನ್ನು ಕಂಡು ಅಂಗಿಯ ಕಾಲರು ಸರಿಮಾಡಿಕೊಂಡೆ.

ನಾಲ್ಕನೇ ದಿನ ಹೇಮಾವತಿ ಚನ್ನಗಿರಿಯ ಮುಖ್ಯ ಕಚೇರಿಗೆ ಬಂದು ಮೇಜಿನ ಮೇಲೆ ಫೋನಿಟ್ಟಳು. ಅದರಲ್ಲಿ ನಾನೇ ಕೂಗುತ್ತಿದ್ದೆ.

"ಸಾರ್, ಬಾವಿ ಯಾವ್ದು?"

"ಅದು... ಮಕ್ಕಳ ಮನಸಿಗೆ ನಾಟ್ಲಿ ಅಂತ..."

"ನಮ್ಮನೇಲಿ ಬಾವೀನೇ ಇಲ್ಲ. ಬೋರು ಐತೆ. ಆರಿಂಚಿನ ಬೋರಲ್ಲಿ ಹಾರಾಕೆ ಹೆಂಗೆ ಆಗ್ತೈತೆ, ನೀವೇ ಹಾರಿ ತೋರಿಸ್ರಿ."

ಬಾಗಿಲಲ್ಲಿ ನಿಂತಿದ್ದ ಪ್ರಮೀಳಾ ಮೇಡಂ ನಗಲಿಲ್ಲ.

"ಉದ್ದೇಶ ಒಳ್ಳೇದಿತ್ತಮ್ಮ," ಎಂದೆ.

"ನಿಮ್ಮ ಉದ್ದೇಶಕ್ಕೆ ನಮ್ಮಪ್ಪ ಯಾಕೆ ಬೇಕಾಗಿತ್ತು ಸಾರ್? ನಿನ್ನೆ ಹೋಟ್ಲಲ್ಲಿ ಒಬ್ಬರು ಅಪ್ಪಂಗೆ, 'ಏನೋ ಧರ್ಮಪ್ಪ, ಮಗಳನ್ನ ಸರಪಳೀಲಿ ಕಟ್ಟಿದ್ಯಂತಲ್ಲೋ' ಅಂದ್ರಂತೆ. ನಮ್ಮಪ್ಪ ಅರ್ಧ ಕುಡಿದ ಚಾ ಅಲ್ಲೇ ಬಿಟ್ಟು ಎದ್ದು ಬಂದಾರೆ. ಇವತ್ತು ತೋಟಕ್ಕೂ ಹೋಗಿಲ್ಲ."

ನನ್ನ ಬಾಯಲ್ಲಿ ಯಾವತ್ತೂ ಹತ್ತು ಉತ್ತರ ಸಿದ್ಧವಿರುತ್ತವೆ. ಅಂದು ಫೋನಿನಲ್ಲಿ ಕೂಗುತ್ತಿದ್ದ ನನ್ನನ್ನು ಒತ್ತಿ ನಿಲ್ಲಿಸಿದೆ.

ಅವಳು ಫೋನಿನಲ್ಲಿ ಇನ್ನೊಂದನ್ನು ತೆಗೆದು ತೋರಿಸಿದಳು. ಮಾಲತೇಶ್ ಕಳಿಸಿದ ಎರಡು ಸಾಲು. 'ಅಕ್ಕಾ, ನಾಳೆ ನಂದೂ ಮೈಕಲ್ಲಿ ಬರ್ತೈತೆ. ನಾ ಇನ್ಮೇಲೆ ಬರಲ್ಲ.'

"ಫೋನೂ ಎತ್ತುತಿಲ್ಲ ಅವ್ನು," ಎಂದಳು. "ನಂದು ಹೋಗ್ಲಿ ಸಾರ್. ಅವ್ನು ಡಾಕ್ಟರ ಹತ್ರಾನೂ ಹೋಗ್ದೇ ಕೂತ್ರೆ ಏನು ಮಾಡಾದು?"

"ಈಗಲೇ ಅವನ ಮನೆಗೆ ಹೋಗೋಣ! ಜೀಪು ತೆಗೀತೀನಿ!"

"ಯಾವ ಜೀಪು? ಮೂರೂ ಕಡೆ ಮಾನಸಿಕ ಆರೋಗ್ಯ ಸಂಸ್ಥೆ ಅಂತ ಬರೆಸೀರಲ್ಲ, ಅದಾ? ಆ ಹುಡುಗನ ಬಾಗ್ಲಿಗೆ ಅದು ಹೋಗಿ ನಿಂತ್ರೆ ಊರೆಲ್ಲ ಗೊತ್ತಾಗ್ತೈತೆ. ಅದೂ ಒಂದು ಮೈಕೇ ಸಾರ್."

ಆಮೇಲೆ ಆ ಇಪ್ಪತ್ತೆರಡರ ಹುಡುಗಿ ಹೇಳಿದಳು, ನಾನು ಬರೆದುಕೊಂಡೆ. ಅದೇ ಕಾಲೇಜಿಗೆ ಹೋಗಿ, ಅದೇ ಮೈಕಿನಲ್ಲಿ ಅದೆಲ್ಲ ಸುಳ್ಳೆಂದು ಹೇಳಬೇಕು. ಅವಳ ಅಪ್ಪನಿಗೆ ಕೈ ಮುಗಿಯಬೇಕು. ಮಂಗಳವಾರ ನ್ಯಾಮತಿ ಕಚೇರಿಯೊಳಗೆ ಕಾಲಿಡಬಾರದು. ಜಗಳೂರಿಗೆ ಹೊಸ ಒಡನಾಡಿಯನ್ನು ಆರಿಸುವಾಗ ನನ್ನ ಕುರ್ಚಿಯಲ್ಲಿ ಅವಳು ಕೂರುತ್ತಾಳೆ. ವಾರಕ್ಕೊಮ್ಮೆ ತನ್ನ ಕಷ್ಟಸುಖವನ್ನು ಪ್ರಮೀಳಾ ಮೇಡಂ ಹತ್ತಿರ ಹೇಳಿಕೊಳ್ಳುತ್ತಾಳೆ, ನನ್ನ ಹತ್ತಿರ ಅಲ್ಲ. ಇಷ್ಟಕ್ಕೆ ಒಪ್ಪಿದರೆ ಕೆಲಸದಲ್ಲಿರುತ್ತಾಳೆ.

"ಒಪ್ಕಳ್ರಿ," ಎಂದರು ಪ್ರಮೀಳಾ ಮೇಡಂ. "ನಿಮಗಿಂತ ಅವಳು ಇಲ್ಲಿಗೆ ಬೇಕು."

ಹೊನ್ನಾಳಿಗೆ ಬಸ್ಸಿನಲ್ಲಿ ಹೋದೆ. ಮೈಕು ಹಿಡಿದೆ. "ಬಾವಿ ಸುಳ್ಳು. ಸರಪಳಿ ಸುಳ್ಳು. ಮೂರು ವರ್ಷ ಸುಳ್ಳು. ಆ ತಂದೆ ಮಗಳ ಮೇಲೆ ಕೈ ಕೂಡ ಎತ್ತಿದವರಲ್ಲ. ಎಲ್ಲ ನಾನೇ ಕಟ್ಟಿದ್ದು," ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಹಂಗಾದ್ರೆ ನಿಜ ಏನ್ ಸಾರ್?" ಎಂದಳು.

ದೇವರಾಣೆ, ಆ ಎರಡು ನಿಮಿಷದ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅದು ನನ್ನ ಬಾವಿಗಿಂತ, ಸರಪಳಿಗಿಂತ ಎಷ್ಟು ದೊಡ್ಡದೆಂದು ಅಲ್ಲಿ ನಿಂತಾಗ ಹೊಳೆಯಿತು. ಹೇಳಿದ್ದರೆ ಸಭೆ ಎದ್ದು ನಿಲ್ಲುತ್ತಿತ್ತು, ನನ್ನ ಮಾನವೂ ಅರ್ಧ ಉಳಿಯುತ್ತಿತ್ತು. "ಅದು ನನ್ನದಲ್ಲಮ್ಮ," ಎಂದು ಕೆಳಗಿಳಿದೆ. ಯಾರೋ ಸಿಳ್ಳೆ ಹಾಕಿದರು. ಈ ಸಲ ಒಂದು ಫೋನೂ ಮೇಲೇಳಲಿಲ್ಲ. ಕಾಲೇಜಿನ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ನನ್ನ ಮುಖವನ್ನು ನಾನೇ ಹಿಡಿದು, ಅದೇ ಮಾತನ್ನು ಮತ್ತೆ ಹೇಳಿ, ಮೊದಲ ವೀಡಿಯೊ ಹೋದ ಗುಂಪುಗಳಿಗೆಲ್ಲ ಕಳಿಸಿದೆ.

ಧರ್ಮಪ್ಪನವರ ಮನೆಯಲ್ಲಿ ನಾನು ಕೈ ಮುಗಿದು ನಿಂತಾಗ ಅವರು ಬೈಯಲಿಲ್ಲ. "ಕೂತ್ಕಳ್ರಿ" ಎಂದೂ ಹೇಳಲಿಲ್ಲ. "ಜನ ನಿಮ್ಮ ಮೊದಲಿಂದನ್ನೇ ನಂಬ್ಯಾರೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಂಗಳವಾರಗಳಲ್ಲಿ, ಮಾಲತೇಶ್ ಬಂದಾನೇ ಎಂದು ನೋಡುತ್ತಾ, ನ್ಯಾಮತಿಯ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರತೊಡಗಿದೆ. ಕಚೇರಿ ಎದುರಿಗೇ, ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಒಳಗೆ ಹೇಮಾವತಿ ಒಬ್ಬಳೇ ಕಾಯುತ್ತಿದ್ದಳು. ನನ್ನ ಎರಡನೆಯ ವೀಡಿಯೊವನ್ನು ಮಾಲತೇಶನಿಗೂ ಕಳಿಸಿದ್ದಳಂತೆ. ಒಂದು ಮಂಗಳವಾರ ಹೋಯಿತು, ಎರಡು ಹೋದವು. "ಏನ್ರೀ ಸಾರ್, ಕಚೇರೀಲಿ ಫ್ಯಾನ್ ಕೆಟ್ಟೈತಾ?" ಎಂದು ಚಹಾದಂಗಡಿಯ ಗಿಡ್ಡಮ್ಮ ಕೇಳಿದಳು. "ನಾನೇ ಕೆಟ್ಟೀನಿ," ಎಂದೆ.

ಮೂರನೇ ಮಂಗಳವಾರ ಹನ್ನೊಂದರ ಬಸ್ಸಿನಿಂದ ಮಾಲತೇಶ್ ಇಳಿದ. ನನ್ನನ್ನು ಕಂಡು ಅಲ್ಲೇ ನಿಂತ. ನಾನು ಎದ್ದೆ, ಮತ್ತೆ ಕೂತೆ.

"ಒಳಗೆ ಯಾರದಾರೆ?" ದೂರದಿಂದಲೇ ಕೇಳಿದ.

"ಹೇಮಾವತಿ ಒಬ್ಬಳೇ."

"ನೀವು?"

"ನೀವು ವಾಪಸ್ ಬಸ್ ಹತ್ತೋವರೆಗೂ ಇಲ್ಲೇ."

ಅವನು ಹೊರಡಲು ಸಿದ್ಧವಾಗಿದ್ದ ಬಸ್ಸನ್ನೊಮ್ಮೆ, ಮಹಡಿಯನ್ನೊಮ್ಮೆ ನೋಡಿದ. ಆಮೇಲೆ, "ಆ ಕಡೆ ತಿರುಗಿ ಕೂತ್ಕಳ್ರಿ," ಎಂದ.

ತಿರುಗಿ ಕೂತೆ. ಮೂಗಿನ ಮುಂದೆ ಗೋಡೆ, ಅರ್ಧ ಹರಿದ ಗೊಬ್ಬರದ ಪೋಸ್ಟರು. ಗಿಡ್ಡಮ್ಮನ ಗಿರಾಕಿಗಳು ನಕ್ಕದ್ದು ಕೇಳಿಸಿತು. ಹಿಂದೆ ಬಸ್ಸು ಹೊರಟ ಸದ್ದು. ಅವನು ಹತ್ತಿದನೋ ಇಲ್ಲವೋ, ನನಗೆ ನೋಡುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಬೆನ್ನ ಹಿಂದೆ ಕಚೇರಿಯ ಕಬ್ಬಿಣದ ಮೆಟ್ಟಿಲು ಒಂದೊಂದಾಗಿ ಸದ್ದು ಮಾಡಿತು, ಮೇಲೆ ಬಾಗಿಲು ತೆರೆದು ಮುಚ್ಚಿಕೊಂಡಿತು.

ನಾನು ಗೋಡೆಯನ್ನೇ ನೋಡುತ್ತಾ ಕೂತೆ.