ಅದು ಬೇರೆ, ಇದು ಬೇರೆ

ಅಂತೂ ‘ನೋ’ ಎಂಬುದರ ಪಕ್ಕದ ಸೊನ್ನೆಯನ್ನೇ ಕಪ್ಪು ಮಾಡಿ, ಲಕೋಟೆ ಅಂಟಿಸಿ, ಕ್ಯಾಲಿಫೋರ್ನಿಯಾದ ತಮ್ಮೂರು ಟೊರೆನ್ಸಿನ ಲೈಬ್ರರಿ ಎದುರಿನ ಮತಪೆಟ್ಟಿಗೆಗೆ ಹಾಕಿಬಿಟ್ಟ ಇಂದುಧರ. ಹಾಕಿದ ಮೇಲೆ ಸುತ್ತ ನೋಡಿದ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಗುಡ್ ಮಾರ್ನಿಂಗ್ ಅಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಉತ್ತರ ಕೊಡದೆ ಕಾರು ಹತ್ತಿದ.

ಉಳಿದದ್ದಕ್ಕೆಲ್ಲ ಅವನು ಡೆಮಾಕ್ರಟ್. ಸಿಟಿಜನ್ ಆದಂದಿನಿಂದ ಬೇರೆ ಪಕ್ಷಕ್ಕೆ ಓಟು ಹಾಕಿದವನಲ್ಲ. ಆ ಇನ್ನೊಂದು ಪಕ್ಷದವರು ತನ್ನ ಮೈಬಣ್ಣವನ್ನು ನೋಡುವ ರೀತಿ ಅವನಿಗೆ ಗೊತ್ತು. ಆದರೆ ಎರಡು ಸಾವಿರದ ಇಪ್ಪತ್ತೆರಡರ ಈ ಚುನಾವಣೆಯಲ್ಲಿ, ಗರ್ಭಪಾತದ ಹಕ್ಕನ್ನು ಕ್ಯಾಲಿಫೋರ್ನಿಯಾದ ಸಂವಿಧಾನಕ್ಕೆ ಸೇರಿಸಬೇಕೇ ಎಂದು ಕೇಳಿದ್ದರು. ಸೇರಿಸಿ ಎಂದು ಪಕ್ಷ ಹೇಳುತ್ತಿತ್ತು. ಸೇರಿಸಿ ಎಂದು ಅವನೂ ಕನ್ನಡದ ಗೆಳೆಯರಿಗೆ ಹೇಳಿಕೊಂಡು ಬರುತ್ತಿದ್ದ, ಕನ್ನಡದಲ್ಲಿ. ಒಳಗೆ ಮಾತ್ರ ಅದು ಪಾಪವೆಂದೇ ಅವನಿಗೆ ಅನ್ನಿಸುತ್ತಿತ್ತು. ಯಾಕೆ ಎಂದು ಕೇಳಿದರೆ ಅವನ ಹತ್ತಿರ ವಾದವಿರಲಿಲ್ಲ, ಹಳೆಯ ಒಂದು ಫೋನ್ ಕರೆಯಿತ್ತು.

ಮಗಳು ಮೇಧಾ ಹೊಟ್ಟೆಯಲ್ಲಿದ್ದಾಗಿನ ಮಾತು. ಸ್ಕ್ಯಾನಿನಲ್ಲಿ ಹೆಣ್ಣೆಂದು ತಿಳಿದು, ಖುಷಿಯಿಂದ ದಾವಣಗೆರೆಗೆ ಫೋನ್ ಮಾಡಿದ್ದ. ಅವನ ತಾಯಿ ಸಾವಿತ್ರವ್ವ, ಮೊದಲನೆಯದು ಗಂಡಾಗಲಿ, ಇದನ್ನು ತೆಗೆಸಿಬಿಡಿ ಅಂದಿದ್ದರು. ಇಂದುಧರ ಗಂಟಲು ಹರಿಯುವಂತೆ ಕೂಗಾಡಿದ್ದ. ಆಮೇಲೆ ವರ್ಷಗಟ್ಟಲೆ ತಾಯಿಯ ಜೊತೆ ಮಾತು ಬಿಟ್ಟ. ಆಫೀಸಿನಲ್ಲಿ ಮ್ಯಾನೇಜರ್ ಎದುರು ಸೊಲ್ಲೆತ್ತದವನು ಬದುಕಿನಲ್ಲಿ ಎದೆಯೆತ್ತಿ ನಿಂತದ್ದು ಅದೊಂದೇ ಸಲ. ಆ ಹೆಮ್ಮೆಯೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ಅವನು ‘ಯೆಸ್’ ಪರವಾದ ಮಾತುಗಳನ್ನು ಒಪ್ಪಿಸಿಕೊಂಡ. ಚುನಾವಣೆ ಬಂತೆಂದರೆ ಅಲ್ಲಿನ ಕನ್ನಡದವರು ಅಂಚೆಯಲ್ಲಿ ಬಂದ ಬ್ಯಾಲೆಟ್ ಹಿಡಿದುಕೊಂಡು ಒಬ್ಬರ ಮನೆಯಲ್ಲಿ ಸೇರುತ್ತಾರೆ. ಜನಮತಕ್ಕೆ ಹಾಕಿದ ‘ಪ್ರೊಪೊಸಿಷನ್’ ಪ್ರಶ್ನೆಗಳು ಉದ್ದ, ಇಂಗ್ಲಿಷು ವಕೀಲರದು. ಓದಿಕೊಂಡವನೊಬ್ಬ ಹೇಳಬೇಕು, ಉಳಿದವರು ತುಂಬಬೇಕು, ಆಮೇಲೆ ತಿಂಡಿ. ಆ ಓದಿಕೊಂಡವನು ಇಂದುಧರ. ಗೆಳೆಯರು ಅವನನ್ನು ‘ಪ್ರೊಪೊಸಿಷನ್ ಅಯ್ನೋರು’ ಎಂದು ಚುಡಾಯಿಸುತ್ತಿದ್ದರು. ಅವನಿಗೆ ಅದು ಇಷ್ಟವೇ ಆಗಿತ್ತು.

ಈ ಸಲ ಹಾಲಪ್ಪನವರ ಮನೆ. ಮಂಡಕ್ಕಿ, ಮಿರ್ಚಿಯ ಘಮ. ಜೂಜಿನ ಪ್ರಶ್ನೆ, ಡಯಾಲಿಸಿಸ್ ಪ್ರಶ್ನೆ, ತಂಬಾಕಿನ ಪ್ರಶ್ನೆ ಎಲ್ಲ ಸರಾಗವಾಗಿ ಮುಗಿದವು. ಪಟ್ಟಿಯಲ್ಲಿ ಮೊದಲಿದ್ದುದನ್ನು ಅವನು ಕೊನೆಗೆ ಉಳಿಸಿಕೊಂಡಿದ್ದ. ತಟ್ಟೆ ನೋಡುತ್ತಾ, ಇದಕ್ಕೆ ಯೆಸ್ ಅಂದ. ಹಾಲಪ್ಪನವರ ಹೆಂಡತಿ ಜಯಮ್ಮನ ಪೆನ್ನು ನಿಂತಿತು.

“ಬಸುರು ತೆಗೆಸೋದಲ್ವೇನಪ್ಪಾ ಇದು?”

“ಹೌದು ಆಂಟಿ. ಅದು ಹಕ್ಕು ಅಂತ.”

“ನಂಗೇನೋ ಮನಸ್ಸೊಪ್ಪಲ್ಲ. ನಿಮಗೆ ಒಪ್ಪುತ್ತಾ?”

“ಪಾರ್ಟಿ ಹೇಳೋದು ಅದೇ, ಆಂಟಿ.”

ಜಯಮ್ಮ ಅವನ ಮುಖವನ್ನೇ ನೋಡಿದರು. ನಂತರ, ಓದಿದೋರು ನೀವು, ಎಂದು ಯೆಸ್ ತುಂಬಿದರು. ಬೆಳಗ್ಗೆ ತಾನು ಹಾಕಿದ ಓಟನ್ನು ಈಗ ಅವರ ಕೈಯಿಂದ ತಾನೇ ಅಳಿಸಿದಂತಾಯಿತು. ಇಂದುಧರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಇನ್ನೊಂದು ಮಿರ್ಚಿ ಹಾಕಿಸಿಕೊಂಡ.

ಮೇಧಾ ಕೆಲಸ ಮಾಡುವುದು ಈ ಊರಿನಲ್ಲೇ. ಮಾತಾಡುವುದಿದೆ, ಮನೆಯಲ್ಲಿ ಬೇಡ ಎಂದಿದ್ದಳು. ಕರ್ನಿ ಮೆಸಾ ಬಡಾವಣೆಯ ಒಂದು ಹೋಟೆಲಿನ ಪಾರ್ಕಿಂಗ್‌ನಲ್ಲಿ ಕಾದಿದ್ದವಳು ಬಂದು ಅವನ ಕಾರಿನಲ್ಲಿ ಕೂತಳು. ಯಾವಾಗಲೂ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಇವತ್ತು ತಡವರಿಸುತ್ತಾ ಕನ್ನಡದಲ್ಲೇ ಶುರುಮಾಡಿದಳು.

“ಅಪ್ಪಾ, ನಾನು ಪ್ರೆಗ್ನೆಂಟ್. ಮೂರು ತಿಂಗಳು.”

ಇಂದುಧರನ ಬಾಯಿಂದ ಮೊದಲು ಹೊರಟದ್ದು ಅವನಿಗೇ ಆಶ್ಚರ್ಯವಾಗುವ ಮಾತು.

“ಹುಡುಗ ಯಾರ ಪೈಕಿ?”

ಅವಳು ನಕ್ಕಳು, ಅಥವಾ ನಕ್ಕಂತೆ ಕಂಡಳು. ಹುಡುಗ ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೋದಲ್ಲಿ ಎಡಿಟರ್, ಈಗ ಇಬ್ಬರೂ ಬೇರೆಯಾಗಿದ್ದಾರೆ, ಮದುವೆ ಗಿದುವೆ ಇಲ್ಲ ಎಂದಳು. ಮಗುವನ್ನು ತಾನೇ ಸಾಕುತ್ತೇನೆ, ಅಮ್ಮನಿಗೆ ಹೇಳುವಾಗ ಅಪ್ಪ ತನ್ನ ಕಡೆ ನಿಲ್ಲಬೇಕು, ಅಷ್ಟೇ ಕೇಳಲು ಬಂದೆ ಎಂದಳು.

ಇಂದುಧರ ಎದುರಿನ ಬೋರ್ಡು ಓದಿದ. ಅವನ ತಲೆಯೊಳಗೆ ಜಯಮ್ಮ ಬಂದರು, ಹಾಲಪ್ಪ ಬಂದರು, ಮುಂದಿನ ಚುನಾವಣೆಯ ಮಂಡಕ್ಕಿ ತಟ್ಟೆಯ ಸುತ್ತ ಕೂತವರ ಮೌನ ಬಂತು. ದಾವಣಗೆರೆಯ ಬಳಗವೆಲ್ಲ ಬಂತು. ಮಗು ಮಾತ್ರ ಬರಲಿಲ್ಲ.

“ನಿನಗೆ ಹಕ್ಕಿದೆಯಲ್ಲ, ಮರಿ,” ಅಂದ. ಸ್ವರ ಬಹಳ ಮೃದುವಾಗಿತ್ತು. “ಅದಕ್ಕೇ ತಾನೇ ನಾವೆಲ್ಲ ಇಷ್ಟು ಓಡಾಡ್ತಿರೋದು. ಇನ್ನೂ ಟೈಮ್ ಇದೆ.”

“ನಾನೂ ಯೆಸ್ ಹಾಕಿದೀನಿ. ಆದ್ರೆ ಇದು ನಂಗೆ ಬೇಕು.”

“ಯೋಚನೆ ಮಾಡು ಅಂದೆ, ಅಷ್ಟೇ.”

ಅವಳು ಅವನತ್ತ ತಿರುಗಿ ಕೂತಳು.

“ಅಜ್ಜಿ ಜೊತೆ ನೀನು ಆಡಿದ ಜಗಳ ಅಮ್ಮ ನಂಗೆ ಹೇಳಿದಾಳೆ. ಅದಕ್ಕೇ ನಿನ್ನ ಹತ್ರ ಮೊದ್ಲು ಬಂದೆ.”

ಇಪ್ಪತ್ತನಾಲ್ಕು ವರ್ಷ ಇಂದುಧರ ಕಾಪಾಡಿಕೊಂಡು ಬಂದ ಹೆಮ್ಮೆ ಅವಳಿಗೆ ಗೊತ್ತಿತ್ತು. ಅದನ್ನೇ ನಂಬಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದಳು. ಈಗ ಒಂದು ಮಾತು ಸಾಕಿತ್ತು. ಆಗಲಿ ಮರಿ ಎಂದರೆ ಸಾಕಿತ್ತು. ಆ ಮಾತು ಗಂಟಲವರೆಗೆ ಬಂದದ್ದೂ ನಿಜ.

“ಅದು ಬೇರೆ, ಇದು ಬೇರೆ,” ಅಂದ.

ಮೇಧಾ ಇಂಗ್ಲಿಷಿಗೆ ಮರಳಿದಳು. ಇರಲಿ, ಅಮ್ಮನಿಗೆ ನಾನೇ ಹೇಳಿಕೊಳ್ಳುತ್ತೇನೆ, ಹುಷಾರಾಗಿ ಡ್ರೈವ್ ಮಾಡು ಎಂದು ಹೊರಗಿನವರಿಗೆ ಹೇಳುವಷ್ಟು ಮರ್ಯಾದೆಯಿಂದ ಹೇಳಿ ಇಳಿದಳು. ಬಾಗಿಲನ್ನು ಮೆಲ್ಲಗೆ ಹಾಕಿದಳು. ಬಡಿದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಪಾರ್ಕಿಂಗ್ ಬಿಟ್ಟು ಹೊರಡುವುದರೊಳಗೆ ಹೆಂಡತಿ ಅನ್ನಪೂರ್ಣಳ ಫೋನ್ ಬರತೊಡಗಿತು. ನಿಂತಿತು, ಮತ್ತೆ ಬಂತು. ಅಂದರೆ ಮಗಳು ಹೇಳಿಯಾಗಿದೆ. ಏನೇನು ಹೇಳಿದ್ದಾಳೋ, ತನ್ನ ಮಾತನ್ನೂ ಹೇಳಿದ್ದಾಳೋ. ಫ್ರೀವೇ ಹತ್ತುವ ಬದಲು, ರಸ್ತೆ ಬದಿಗೆ ಕಂಡ ಕಾರ್ ವಾಶ್‌ನೊಳಕ್ಕೆ ತಿರುಗಿಸಿದ. ಕಾರು ಕೊಳೆಯಾಗಿರಲಿಲ್ಲ. ಒಳಗಿದ್ದರೆ ಯಾರಿಗೂ ಕಾಣುವುದಿಲ್ಲ, ಅಷ್ಟೆ.

ಅಲ್ಲಿದ್ದವನು ಕೈಸನ್ನೆ ಮಾಡಿದ: ನ್ಯೂಟ್ರಲ್‌ಗೆ ಹಾಕು, ಬ್ರೇಕ್ ಬಿಡು, ಸ್ಟೀರಿಂಗ್ ಮುಟ್ಟಬೇಡ. ಕೆಳಗಿನ ಬೆಲ್ಟು ಚಕ್ರಗಳನ್ನು ಹಿಡಿದು ಕಾರನ್ನು ಒಳಕ್ಕೆ ಎಳೆದುಕೊಂಡಿತು. ನೊರೆ ಗಾಜುಗಳನ್ನು ಮುಚ್ಚಿತು. ಕತ್ತಲಾಯಿತು. ನಾಲ್ಕೂ ಕಡೆಯಿಂದ ನೀರಿನ ಸದ್ದು. ಫೋನು ತೊಡೆಯ ಮೇಲೆ ನಡುಗುತ್ತಲೇ ಇತ್ತು. ಇಂದುಧರ ಕಾಲುಗಳನ್ನು ಮೇಲಕ್ಕೆಳೆದುಕೊಂಡು ಮೊಣಕಾಲಿಗೆ ಹಣೆ ಹಚ್ಚಿ ಕೂತ. ಎಷ್ಟೋ ಕಾಲದ ನಂತರ ಹಾಯೆನಿಸಿತು.

ಆದರೆ ಬೆಲ್ಟು ನಿಲ್ಲಲಿಲ್ಲ. ನೀರು ನಿಂತಿತು, ಬಿಸಿಗಾಳಿ ಬೀಸಿತು, ಎದುರಿಗೆ ಬೆಳಕು ಬಾಯ್ದೆರೆಯಿತು. ಹೊರಡು ಎಂದು ಹಸಿರು ದೀಪ ಹತ್ತಿತು. ಅವನು ಕಾಲಿಳಿಸಿ, ಎರಡೂ ಪಾದಗಳಿಂದ ಬ್ರೇಕನ್ನು ಒತ್ತಿ ಹಿಡಿದ. ಹಿಂದಿನ ಕಾರು ಹಾರ್ನ್ ಹೊಡೆಯಿತು. ಹೊರಗಿನಿಂದ ಯಾರೋ ಒದ್ದೆ ಗಾಜನ್ನು ಬಡಿದು, ಬಾ, ಬಾ ಎಂದು ಕರೆಯುತ್ತಿದ್ದರು.